ಅಮೆರಿಕದಲ್ಲಿ ಹಳೆ ಕಾರು: ಟೈಟಲ್ ಮೇಲಿನ ಬ್ರ್ಯಾಂಡ್ ಓದುವುದು ಹೇಗೆ?

ಊರಿಂದ ಅಮೆರಿಕಕ್ಕೆ ಬಂದವರು ಟೈಟಲ್ ಅಂದ್ರೆ ನಮ್ಮ ಆರ್‌ಸಿ ಅಂದುಕೊಳ್ಳುತ್ತಾರೆ. ಅಲ್ಲಿ ರಿಜಿಸ್ಟ್ರೇಷನ್ ಬೇರೆ, ಟೈಟಲ್ ಬೇರೆ. ಕಾರು ಯಾರದು ಅಂತ ರಾಜ್ಯ ಕೊಡುವ ಪತ್ರವೇ ಟೈಟಲ್. ಕಾರಿಗೆ ದೊಡ್ಡ ಪೆಟ್ಟು ಬಿದ್ದಿದ್ದರೆ ಆ ಪತ್ರದ ಮೇಲೆ ಒಂದು ಗುರುತು ಬೀಳುತ್ತದೆ. ಅದೇ ಬ್ರ್ಯಾಂಡ್.

ಜಾಸ್ತಿ ಗೊಂದಲ ಆಗುವುದು ಸಾಲ್ವೇಜ್ ಮತ್ತು ರೀಬಿಲ್ಟ್ ವಿಷಯದಲ್ಲಿ. ರಿಪೇರಿ ಖರ್ಚು ಕಾರಿನ ಬೆಲೆಯ ಒಂದು ಮಿತಿ ದಾಟಿದರೆ ಸಾಲ್ವೇಜ್. ಆ ಮಿತಿ ನ್ಯೂಯಾರ್ಕ್‌ನಲ್ಲಿ 75 ಪರ್ಸೆಂಟ್, ಟೆಕ್ಸಾಸ್‌ನಲ್ಲಿ 100. ಹಾಗಾಗಿ ಒಂದೇ ಥರ ಪೆಟ್ಟು ತಿಂದ ಎರಡು ಕಾರುಗಳಲ್ಲಿ ಒಂದಕ್ಕೆ ಗುರುತು ಬಿದ್ದು ಇನ್ನೊಂದು ಸುಮ್ನೆ ಪಾರಾಗಬಹುದು. ಸಾಲ್ವೇಜ್ ಕಾರನ್ನು ರಸ್ತೆಗೆ ಇಳಿಸುವ ಹಾಗಿಲ್ಲ. ರಿಪೇರಿ ಮಾಡಿಸಿ ರಾಜ್ಯದ ತಪಾಸಣೆ ಮುಗಿಸಿದ ಮೇಲೆ ಅದು ರೀಬಿಲ್ಟ್ ಆಗುತ್ತದೆ. 'ಸರ್ಕಾರವೇ ನೋಡಿದೆ' ಅಂತ ನಂಬಬೇಡಿ. ನ್ಯೂಯಾರ್ಕ್‌ನ ಆ ತಪಾಸಣೆ ಹುಡುಕುವುದು ಕದ್ದ ಬಿಡಿಭಾಗಗಳನ್ನು, ರಿಪೇರಿ ಗಟ್ಟಿಯಾಗಿದೆಯಾ ಅನ್ನುವುದನ್ನಲ್ಲ.

ಲೆಮನ್ ಕೂಡ ಒಂದು ಬ್ರ್ಯಾಂಡ್. ಲೆಮನ್ ಅಂದರೆ ಪದೇ ಪದೇ ಕೆಟ್ಟು ಕಂಪನಿಯೇ ವಾಪಸ್ ಕೊಂಡ ಕಾರು. ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದಕ್ಕೆ ಎಡಬಾಗಿಲ ಚೌಕಟ್ಟಿನಲ್ಲಿ ಸ್ಟಿಕ್ಕರ್ ಕೂಡ ಇರಬೇಕು.

ನನಗೆ ನಿಜಕ್ಕೂ ಭಯ ಇರುವುದು ಫ್ಲಡ್ ಬ್ರ್ಯಾಂಡ್, ಅಂದರೆ ನೆರೆ ನೀರಲ್ಲಿ ಮುಳುಗಿದ ಕಾರಿನ ಗುರುತಿನ ಬಗ್ಗೆ. ಬಂಪರ್ ಬದಲಿಸಬಹುದು, ಆದರೆ ನೀರು ಕುಡಿದ ವೈರಿಂಗ್ ಒಳಗೊಳಗೇ ತುಕ್ಕು ಹಿಡಿದು ತಿಂಗಳುಗಟ್ಟಲೆ ಆದ ಮೇಲೆ, ನೀವು ದುಡ್ಡು ಕೊಟ್ಟು ಮುಗಿಸಿದ ಮೇಲೆ, ಕೈ ಕೊಡುತ್ತದೆ. 2005ರ ಕತ್ರಿನಾ, 2017ರ ಹಾರ್ವೆ ಚಂಡಮಾರುತಗಳಲ್ಲಿ ಲಕ್ಷಾಂತರ ಕಾರುಗಳು ಮುಳುಗಿದವು. ಇಂಥ ಕಾರನ್ನು ಬೇರೆ ರಾಜ್ಯಕ್ಕೆ ಸಾಗಿಸಿ, ಗುರುತಿಲ್ಲದ ಹೊಸ ಟೈಟಲ್ ಮಾಡಿಸುವ ಮೋಸಕ್ಕೆ ಟೈಟಲ್ ವಾಷಿಂಗ್ ಅನ್ನುತ್ತಾರೆ.

ಇದನ್ನು ತಡೆಯಲೆಂದೇ 1992ರ ಕಾಯ್ದೆಯಲ್ಲಿ ಎನ್‌ಎಂವಿಟಿಐಎಸ್ ಎಂಬ ರಾಷ್ಟ್ರೀಯ ದಾಖಲೆ ಹುಟ್ಟಿತು. ಪ್ರತಿ ಕಾರಿಗೂ ಇರುವ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ವಿನ್ ನಂಬರ್ ಕೊಟ್ಟು, ಸ್ವಲ್ಪ ದುಡ್ಡು ಕಟ್ಟಿ ವರದಿ ತೆಗೆಸಿ. ವಿಮಾ ಮೋಸ ತಡೆಯುವ ಎನ್‌ಐಸಿಬಿ ಸಂಸ್ಥೆಯ ವಿನ್‌ಚೆಕ್ ಎಂಬ ಆನ್‌ಲೈನ್ ತಪಾಸಣೆ ಉಚಿತ.

ಇನ್ನೊಂದು ಮಾತು. ಕ್ಲೀನ್ ಟೈಟಲ್ ಅಂದರೆ ಅಪಘಾತವೇ ಆಗಿಲ್ಲ ಅಂತಲ್ಲ. ಮಾಲೀಕ ವಿಮೆ ಕ್ಲೇಮ್ ಮಾಡದೆ ಕೈಯಿಂದಲೇ ದುಡ್ಡು ಹಾಕಿ ರಿಪೇರಿ ಮಾಡಿಸಿದ್ದರೆ ಗುರುತು ಬೀಳುವುದಾದರೂ ಹೇಗೆ, ಅಲ್ವಾ? ಅದಕ್ಕೇ ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ಕೆಸರಿನ ಕಲೆ ಇದೆಯಾ ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಆಮೇಲೆ ಮಾರುವವರು ಹೇಳಿದ ಮೆಕ್ಯಾನಿಕ್ ಬಿಟ್ಟು, ನಿಮ್ಮದೇ ಮೆಕ್ಯಾನಿಕ್ ಹತ್ತಿರ ಒಯ್ದು ಲಿಫ್ಟ್ ಮೇಲೆ ಏರಿಸಿ ತೋರಿಸಿ.