ಡೆಸಿಬೆಲ್‌ಗಳನ್ನೆಲ್ಲ ಕೂಡಿ ಸರಾಸರಿ ತೆಗೆದರೆ ಸಾಕೇ?

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದುಡಿಯುವವರ ಕಿವಿಗೆ ದಿನಕ್ಕೆ ಎಷ್ಟು ಶಬ್ದ ಬೀಳುತ್ತದೆಂದು ಅಳೆಯುವ ಸಾಧನವನ್ನು ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಮಾಡುತ್ತಿದ್ದೇವೆ. ಸೆಕೆಂಡಿಗೊಮ್ಮೆ ಡೆಸಿಬೆಲ್ ದಾಖಲಾಗುತ್ತದೆ. ಪಾಳಿ ಮುಗಿದ ಮೇಲೆ ಸರಾಸರಿ ತೆಗೆದರೆ ಸಾಕಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಚಿಕ್ಕಮಗಳೂರು

ಸಾಲದು. ಇಂಥ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಎಡವುವುದೇ ಈ ಸರಾಸರಿಯಲ್ಲಿ.

ಡೆಸಿಬೆಲ್ ಲಾಗರಿದಮ್ ಅಳತೆ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, 10 ಏರಿದರೆ ಹತ್ತು ಪಟ್ಟಾಗುತ್ತದೆ. ಒಬ್ಬ ಕಾರ್ಮಿಕ ಹಲ್ಲರ್ (ಕಾಫಿ ಬೀಜದ ಸಿಪ್ಪೆ ಸುಲಿಯುವ ಯಂತ್ರ) ಪಕ್ಕದಲ್ಲಿ 4 ಗಂಟೆ 100 ಡೆಸಿಬೆಲ್‌ನಲ್ಲಿ, ಆಮೇಲೆ ಗೋದಾಮಿನಲ್ಲಿ 4 ಗಂಟೆ 70 ಡೆಸಿಬೆಲ್‌ನಲ್ಲಿ ಕೆಲಸ ಮಾಡಿದನೆನ್ನಿ. ಕೂಡಿ ಭಾಗಿಸಿದರೆ 85 ಬರುತ್ತದೆ, ನೋಡಿದವರು ನಿಶ್ಚಿಂತರಾಗುತ್ತಾರೆ. ಶಕ್ತಿಯ ಲೆಕ್ಕದಲ್ಲಿ ಸರಾಸರಿ ತೆಗೆದರೆ ಅದೇ ಪಾಳಿ 97 ಡೆಸಿಬೆಲ್! ಗೋದಾಮಿನ ನಾಲ್ಕು ಗಂಟೆಯ ನೆಮ್ಮದಿ ಹಲ್ಲರ್‌ನ ಹೊಡೆತವನ್ನು ಅಳಿಸುವುದಿಲ್ಲ.

ಹಾಗಾಗಿ ನಿಮ್ಮ ಸಾಧನ ತೋರಿಸಬೇಕಾದದ್ದು ಡೋಸ್: ಆ ಮಟ್ಟದಲ್ಲಿ ಎಷ್ಟು ಹೊತ್ತು ಇರಬಹುದಿತ್ತು, ಎಷ್ಟು ಹೊತ್ತು ಇದ್ದ ಎಂಬುದರ ಶೇಕಡಾ ಲೆಕ್ಕ. ನಮ್ಮ ದೇಶದಲ್ಲಿ 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಮಾದರಿ ನಿಯಮಗಳಲ್ಲಿ 90 ಡೆಸಿಬೆಲ್‌ಗೆ 8 ಗಂಟೆ, 95ಕ್ಕೆ 4, 100ಕ್ಕೆ 2 ಗಂಟೆ ಮಿತಿಯಿತ್ತು. ಅದರಂತೆ ಮೇಲಿನ ಕಾರ್ಮಿಕನ ಡೋಸ್ ಶೇ. 200. ಕೆಲಸಗಾರರ ಸುರಕ್ಷತೆ, ಆರೋಗ್ಯದ ಸಂಶೋಧನೆ ನಡೆಸುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು ಇನ್ನೂ ಬಿಗಿ: 85ಕ್ಕೆ 8 ಗಂಟೆ, ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. ಅದರಂತೆ 100ರಲ್ಲಿ ಇರಬಹುದಾದದ್ದು 15 ನಿಮಿಷ ಮಾತ್ರ, ಡೋಸ್ ಶೇ. 1600. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ತೋರಿಸಿ ಎಂಬುದು ನನ್ನ ಒತ್ತಾಯ. ಕಾನೂನಿನ ಗೆರೆ ದಾಟದಿದ್ದ ಮಾತ್ರಕ್ಕೆ ಕಿವಿ ಸುರಕ್ಷಿತವಲ್ಲ. ಸದ್ದನ್ನು ಗ್ರಹಿಸುವ ಒಳಗಿವಿಯ ರೋಮಕೋಶ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಶಬ್ದದಿಂದಾಗುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದ್ದ, ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ.

ಲೆಕ್ಕ ಸರಿಯಾದರೂ ಮೈಕ್ ತಪ್ಪಾಗಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಅಗ್ಗದ ಕೆವೈ-038 ಮಾದರಿಯ ಮಾಡ್ಯೂಲ್ ಸದ್ದು ಇದೆಯೋ ಇಲ್ಲವೋ ಎಂದು ಹೇಳಲಷ್ಟೇ ಲಾಯಕ್ಕು. ಮ್ಯಾಕ್ಸ್9814 ಮಾಡ್ಯೂಲ್ ದೊಡ್ಡ ಸದ್ದನ್ನು ತಾನೇ ತಗ್ಗಿಸಿಬಿಡುತ್ತದೆ. ದನಿ ಮುದ್ರಣಕ್ಕೆ ಅದು ವರ, ನಿಮ್ಮ ಕೆಲಸಕ್ಕೆ ಶಾಪ. ಐಎನ್‌ಎಂಪಿ441ನಂಥ ಡಿಜಿಟಲ್ ಮೈಕ್ ಅನ್ನು ಇಎಸ್‌ಪಿ32 ಮೈಕ್ರೊಕಂಟ್ರೋಲರ್‌ಗೆ ಜೋಡಿಸಿ. ಈ ಮೈಕ್ ಸುಮಾರು 120 ಡೆಸಿಬೆಲ್‌ವರೆಗೆ ತಾಳುತ್ತದೆ. ಅದಕ್ಕಿಂತ ಜೋರಾದ ಬಡಿತವನ್ನು ಅದರಿಂದ ಅಳೆಯಲಾಗದು ಎಂದು ವರದಿಯಲ್ಲಿ ಬರೆಯಿರಿ. ಸದ್ದನ್ನು ಮನುಷ್ಯನ ಕಿವಿಗೆ ಕೇಳುವಂತೆ ತೂಗುವ ಎ-ವೇಟಿಂಗ್ ಫಿಲ್ಟರ್ ಅನ್ನು ಕೋಡ್‌ನಲ್ಲೇ ಹಾಕಿ. ಒಂದು ಕಿಲೋಹರ್ಟ್ಜ್, 94 ಡೆಸಿಬೆಲ್‌ನ ಕ್ಯಾಲಿಬ್ರೇಟರ್ (ನಿಗದಿತ ಮಟ್ಟದ ಸದ್ದು ಹೊರಡಿಸುವ ಉಪಕರಣ) ಅನ್ನು ಎರವಲಾದರೂ ತಂದು ಪಾಳಿಗೆ ಮುಂಚೆ, ಪಾಳಿ ಮುಗಿದ ಮೇಲೆ ಎರಡು ಸಲವೂ ಪರೀಕ್ಷಿಸಿ.

ಮೈಕ್ ಗೋಡೆಯ ಮೇಲಲ್ಲ, ಭುಜದ ಮೇಲಿರಲಿ. ಸದ್ದು ಯಂತ್ರದ್ದಾದರೂ ನೀವು ಅಳೆಯುತ್ತಿರುವುದು ಮನುಷ್ಯನಿಗೆ ತಗಲುವುದನ್ನು. ಆತ ಊಟಕ್ಕೆ ಹೋಗುತ್ತಾನೆ, ಮೂಟೆ ಹೊರುತ್ತಾನೆ, ಮತ್ತೆ ಹಲ್ಲರ್ ಬಳಿ ಬರುತ್ತಾನೆ.

ಇನ್ನೊಂದು ಮಾತು, ಇದನ್ನು ಯಾವ ಗೈಡೂ ಅಷ್ಟಾಗಿ ಹೇಳುವುದಿಲ್ಲ. ಭುಜದ ಮೇಲೆ ಮೈಕ್ ಇಟ್ಟರೆ ‘ನಮ್ಮ ಮಾತು ಮುದ್ರಿಸುತ್ತಿದ್ದಾರೆ’ ಎಂಬ ಅಂಜಿಕೆ ಸಹಜ. ಧ್ವನಿಯನ್ನು ಉಳಿಸಲೇಬೇಡಿ, ಪ್ರತಿ ಸೆಕೆಂಡಿನ ಅಂಕಿಯೊಂದನ್ನೇ ಕಾರ್ಡ್‌ಗೆ ಬರೆಸಿ. ಮೊದಲ ದಿನವೇ ಆ ಫೈಲ್ ತೆರೆದು, ಅದರಲ್ಲಿ ಅಂಕಿ ಬಿಟ್ಟು ಬೇರೇನೂ ಇಲ್ಲವೆಂದು ಅವರಿಗೆ ತೋರಿಸಿ. ಪಾಳಿ ಮುಗಿದಾಗ ಡೋಸ್ ಎಷ್ಟಾಯಿತೆಂಬುದು ಮಾಲೀಕರಿಗಿಂತ ಮೊದಲು ಅದನ್ನು ತೊಟ್ಟವರಿಗೆ ತಿಳಿಯಲಿ.