ಸ್ಕೀ ಬ್ರೇಕ್ ಯಾರನ್ನು ನಿಲ್ಲಿಸುತ್ತದೆ? ಬೈಂಡಿಂಗ್ ಕುರಿತು ಒಂದಿಷ್ಟು ಟಿಪ್ಪಣಿ

ಸ್ಕೀ ಕಲಿಯಲು ಗುಲ್ಮಾರ್ಗಿಗೆ ಹೊರಟಾಗ ಮನೆಯವರು ಕೇಳಿದ ಮೊದಲ ಪ್ರಶ್ನೆ, "ಅದಕ್ಕೆ ಬ್ರೇಕ್ ಇರುತ್ತಾ?" ಇರುತ್ತೆ ಅಂದೆ, ಅವರಿಗೆ ಸಮಾಧಾನವಾಯಿತು. ನಾನು ಸುಳ್ಳು ಹೇಳಲಿಲ್ಲ, ಅವರು ಸ್ಕೂಟರಿನ ಬ್ರೇಕ್ ಅಂದುಕೊಂಡರು ಅಷ್ಟೇ. ಸ್ಕೀಯ ಬ್ರೇಕ್ ಕೆಲಸ ಶುರುಮಾಡುವುದೇ ನಾವು ಬಿದ್ದು, ಬೂಟು ಸ್ಕೀಯಿಂದ ಬಿಡಿಸಿಕೊಂಡ ಮೇಲೆ. ನಮ್ಮನ್ನು ನಿಲ್ಲಿಸಬೇಕಾದವು ನಮ್ಮ ಕಾಲುಗಳೇ. ಬ್ರೇಕ್ ಇರುವುದು ಒಂಟಿಯಾಗಿ ಕೆಳಗೆ ಓಡುವ ಸ್ಕೀಯನ್ನು ತಡೆಯಲು, ಅಂದರೆ ಇಳಿಜಾರಿನಲ್ಲಿ ನಮಗಿಂತ ಕೆಳಗಿರುವವರಿಗಾಗಿ.

ಹಾಗಾಗಿ ಮೊದಲು ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ, ಅರ್ಥವಾಗಬೇಕು. ಹಳೆಯ ಕಾಲದ ಬೈಂಡಿಂಗುಗಳು ಬೂಟನ್ನು ಕಚ್ಚಿ ಹಿಡಿದರೆ ಬಿಡುತ್ತಲೇ ಇರಲಿಲ್ಲ. ಬಿದ್ದಾಗ ಉದ್ದನೆಯ ಸ್ಕೀ ಸನ್ನೆಗೋಲಿನಂತೆ ತಿರುಚಿ ಕಾಲಿನ ಮೂಳೆ ಮುರಿಯುತ್ತಿತ್ತು. ಅಮೆರಿಕದ ಓರೆಗಾನಿನಲ್ಲಿದ್ದ ನಾರ್ವೆ ಮೂಲದ ಸ್ಕೀಪಟು ಹ್ಯಾಲ್ಮರ್ ಹ್ವಾಮ್ 1937ರಲ್ಲಿ ಹೀಗೆಯೇ ಕಾಲು ಮುರಿದುಕೊಂಡ. ಬೀಳುವಾಗ ತಾನೇ ಕಳಚಿಕೊಳ್ಳುವ ಬೈಂಡಿಂಗ್ ಅವನಿಗೆ ಹೊಳೆದದ್ದು ಆಗ. ಇಂದಿನ ಬೈಂಡಿಂಗಿನಲ್ಲಿ ಮುಂಭಾಗ ಕಾಲು ತಿರುಚಿದಾಗ ಪಕ್ಕಕ್ಕೆ ಬಿಡುತ್ತದೆ, ಹಿಮ್ಮಡಿಯ ಭಾಗ ನಾವು ಮುಂದಕ್ಕೆ ಮುಗ್ಗರಿಸಿದಾಗ ಮೇಲಕ್ಕೆ ಬಿಡುತ್ತದೆ. ಇದರಿಂದ ಮುಖ್ಯವಾಗಿ ಉಳಿಯುವುದು ಮೊಣಕಾಲಿನ ಕೆಳಗಿನ ಮೂಳೆ. ಮಂಡಿಯ ಲಿಗಮೆಂಟಿಗೆ ಅಷ್ಟು ಭರವಸೆ ಇಲ್ಲ.

ಬೂಟು ಬಿಟ್ಟ ಮೇಲೆ ಹೊಸ ಸಮಸ್ಯೆ: ಸ್ಕೀ ಎಲ್ಲಿಗೆ ಹೋಗಬೇಕು? ತಳಕ್ಕೆ ಮೇಣ ಹಚ್ಚಿ ನುಣುಪು ಮಾಡಿದ ಹಲಗೆ, ಎರಡೂ ಅಂಚಿಗೆ ಹರಿತವಾದ ಉಕ್ಕಿನ ಪಟ್ಟಿ. ಗಟ್ಟಿ ಹಿಮದ ಮೇಲೆ ಅದು ಬಾಣದ ಹಾಗೆ ಇಳಿಯುತ್ತದೆ. ಮೊದಲು ಇದಕ್ಕೆ ಸ್ಕೀಯನ್ನು ಪಟ್ಟಿಯಿಂದ ಕಾಲಿಗೆ ಕಟ್ಟುತ್ತಿದ್ದರು. ಸ್ಕೀ ಓಡಿಹೋಗುತ್ತಿರಲಿಲ್ಲ, ನಿಜ. ಆದರೆ ಉರುಳುತ್ತಿರುವವನ ಸುತ್ತ ಗಿರಗಿರ ತಿರುಗಿ ಅವನನ್ನೇ ಬಡಿಯುತ್ತಿತ್ತು. 1970ರ ದಶಕದಲ್ಲಿ ಬ್ರೇಕ್ ಹರಡಿತು, ಪಟ್ಟಿ ಹಿಂದೆ ಸರಿಯಿತು.

ರಚನೆ ಸರಳ. ಹಿಮ್ಮಡಿಯ ಕೆಳಗೆ ಒಂದು ಪೆಡಲ್, ಅದಕ್ಕೊಂದು ಸ್ಪ್ರಿಂಗ್, ಎರಡು ಬದಿಗೆ ಎರಡು ತಂತಿಯ ತೋಳು, ತೋಳಿನ ತುದಿಗೆ ಪ್ಲಾಸ್ಟಿಕ್ ಪಾದ. ಬೂಟು ಪೆಡಲನ್ನು ಅದುಮಿದಾಗ ತೋಳುಗಳು ಮೇಲೆದ್ದು ಒಳಕ್ಕೆ ಮಡಚಿಕೊಳ್ಳುತ್ತವೆ. ಬೂಟು ಹೋದ ತಕ್ಷಣ ಸ್ಪ್ರಿಂಗ್ ಅವನ್ನು ಸ್ಕೀಯ ತಳಕ್ಕಿಂತ ಕೆಳಗೆ ಒತ್ತುತ್ತದೆ, ಪಾದಗಳು ಹಿಮಕ್ಕೆ ಕಚ್ಚುತ್ತವೆ.

ಎಡವಟ್ಟಾಗುವುದು ಅಗಲದಲ್ಲಿ. ಸ್ಕೀಯ ನಡುಭಾಗದ ಅಗಲವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಬ್ರೇಕಿನದ್ದನ್ನೂ ಹಾಗೆಯೇ. ನಡು 88 ಇದ್ದರೆ 95 ಅಥವಾ 100ರ ಬ್ರೇಕ್ ಸರಿ. 85ರದ್ದು ಹಾಕಿದರೆ ತೋಳುಗಳು ಅಂಚಿಗೆ ಸಿಕ್ಕಿ ಕೆಳಗಿಳಿಯುವುದೇ ಇಲ್ಲ. "ದೊಡ್ಡದಿರಲಿ ಬಿಡು" ಎಂದು 115ರದ್ದು ಹಾಕಿದರೆ, ತಿರುವಿನಲ್ಲಿ ಸ್ಕೀಯನ್ನು ಅಂಚಿನ ಮೇಲೆ ವಾಲಿಸಿದಾಗ ಹೊರಚಾಚಿದ ತೋಳು ಹಿಮಕ್ಕೆ ತಾಗುತ್ತದೆ, ಇಲ್ಲವೇ ಪಕ್ಕದ ಸ್ಕೀಗೆ ತೊಡರುತ್ತದೆ. ನಡುವಿಗಿಂತ 10–15 ಮಿ.ಮೀ. ಒಳಗಿನ ಹೆಚ್ಚಳ ಸಾಕು.

ಬಾಡಿಗೆಗೆ ತಂದ ಸ್ಕೀಯನ್ನು ಅಂಗಡಿಯಲ್ಲೇ ನೋಡಿಕೊಳ್ಳಿ. ಹೆಬ್ಬೆರಳಿನಿಂದ ಪೆಡಲ್ ಒತ್ತಿ ಬಿಡಿ, ಟಪ್ ಎಂದು ವಾಪಸ್ ಬರಬೇಕು. ನನಗೆ ಕೊಟ್ಟ ಮೊದಲ ಜೋಡಿಯಲ್ಲಿ ಎಡಗಡೆಯದರ ಒಂದು ತೋಳು ಬಾಗಿ, ಅರ್ಧಕ್ಕೇ ನಿಲ್ಲುತ್ತಿತ್ತು. ಅಂಗಡಿಯವನು "ಚಲೇಗಾ" ಅಂದ. ನಾನು ಬೇರೆ ಜೋಡಿ ಕೇಳಿ ತಂದೆ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದಾಗಲೂ ಕೀಲು ಹೀಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಡಿನ್ ಸಂಖ್ಯೆ. ಬೈಂಡಿಂಗ್ ಎಷ್ಟು ಬಲಕ್ಕೆ ಬಿಡಬೇಕು ಎಂದು ಹೇಳುವ ಈ ಸಂಖ್ಯೆಯನ್ನು ಐಎಸ್‌ಒ 11088 ಎಂಬ ಅಂತಾರಾಷ್ಟ್ರೀಯ ಮಾನದಂಡದ ಕೋಷ್ಟಕ ನೋಡಿ ತಂತ್ರಜ್ಞರು ಹೊಂದಿಸುತ್ತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಸ್ಕೀ ಮಾಡುವ ರೀತಿ, ಇವಿಷ್ಟು ಬೇಕು. ತೂಕ ಒಂದು ಸಾಲನ್ನೂ ಎತ್ತರ ಇನ್ನೊಂದು ಸಾಲನ್ನೂ ತೋರಿಸಿದರೆ ಕಡಿಮೆಯದೇ ಲೆಕ್ಕಕ್ಕೆ. 72 ಕೆ.ಜಿ. ತೂಗುವ, 165 ಸೆಂ.ಮೀ. ಎತ್ತರದವರಿಗೆ ಅವರ ಎತ್ತರ ತೋರಿಸುವ ಸಾಲೇ ಅನ್ವಯ. ವಯಸ್ಸು 50 ದಾಟಿದ್ದರೆ ಅದಕ್ಕಿಂತಲೂ ಒಂದು ಸಾಲು ಕಡಿಮೆಯ ಸಂಖ್ಯೆ. ಅಟ್ಟೆಯ ಉದ್ದ ಏಕೆ ಬೇಕು ಎಂದು ನನಗೂ ಹೊಳೆದಿರಲಿಲ್ಲ. ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಆಮೇಲೆ ಹಿಡಿಯ ಹತ್ತಿರ ತಳ್ಳಿ. ಉದ್ದ ಹೆಚ್ಚಿದಷ್ಟೂ ಕಡಿಮೆ ಬಲಕ್ಕೇ ಅದೇ ತಿರುಚು ಸಿಗುತ್ತದೆ. ಹಾಗಾಗಿ ದೊಡ್ಡ ಬೂಟಿಗೆ ಚಿಕ್ಕ ಸಂಖ್ಯೆ.

ಸ್ಕೀ ಮಾಡುವ ರೀತಿಗೆ ಮೂರು ವರ್ಗ: ನಿಧಾನದವರು ಒಂದು, ವೇಗದವರು ಮೂರು. ನಮ್ಮ ತಂಡದಲ್ಲಿ ಎರಡು ದಿನ ಕಲಿತವರೊಬ್ಬರು ಜಂಬಕ್ಕೆ ಮೂರು ಎಂದು ಬರೆಸಿದ್ದರು. ಸಂಖ್ಯೆ ಏರಿದರೆ ಬೈಂಡಿಂಗ್ ಬಿಡುವುದು ತಡ. ಅಷ್ಟರೊಳಗೆ ಮೂಳೆ ಬಿಟ್ಟುಕೊಡಬಹುದು.

ದಟ್ಟ ಮೆತ್ತನೆ ಹಿಮದಲ್ಲಿ ಬ್ರೇಕಿನ ಉಪಯೋಗ ಅಷ್ಟಿಲ್ಲ. ಅಲ್ಲಿ ಸ್ಕೀ ಓಡುವುದಕ್ಕಿಂತ ಹೂತುಹೋಗುವುದೇ ಹೆಚ್ಚು, ಹೂತದ್ದನ್ನು ಹುಡುಕಲೆಂದೇ ಕೆಲವರು ಸ್ಕೀಗೆ ಬಣ್ಣದ ಉದ್ದ ರಿಬ್ಬನ್ ಕಟ್ಟಿಕೊಳ್ಳುತ್ತಾರೆ. ಹಿಮಕುಸಿತದ ಭಯವಿರುವ ಕಡೆಯಂತೂ ಸ್ಕೀಯನ್ನು ಕಾಲಿಗೆ ಕಟ್ಟುವುದು ಅಪಾಯ. ಜರಿಯುವ ಹಿಮ ಸ್ಕೀಯನ್ನು ಎಳೆದರೆ ನಮ್ಮನ್ನೂ ಒಳಕ್ಕೆಳೆಯುತ್ತದೆ. ಕೊಡಗಿನ ಭವಾನಿ ತೆಕ್ಕಡ ಸ್ಪರ್ಧಿಸುವ ಕ್ರಾಸ್-ಕಂಟ್ರಿ ಸ್ಕೀಯಲ್ಲಿ ಬ್ರೇಕೇ ಇಲ್ಲ. ಅಲ್ಲಿ ಬೂಟಿನ ತುದಿ ಮಾತ್ರ ಸಿಕ್ಕಿಸಿದ್ದು, ಹಿಮ್ಮಡಿ ಬಿಡುವಾಗಿರುತ್ತದೆ. ಬಿದ್ದರೆ ತಾನೇ ಕಳಚುವ ಏರ್ಪಾಡೇ ಅದರಲ್ಲಿಲ್ಲ.

ಬಿದ್ದು ಸ್ಕೀ ಮೇಲುಗಡೆ ಉಳಿದರೆ ಇಳಿಜಾರಿನ ಅಂಚಿನಲ್ಲೇ ಹತ್ತಿ ಹೋಗಬೇಕು. ಇದು ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ಒಪ್ಪಿದ ಹತ್ತು ನಿಯಮಗಳಲ್ಲೊಂದು. ಮುಂದೆ, ಕೆಳಗೆ ಇರುವವರಿಗೆ ಮೊದಲ ಹಕ್ಕು ಎಂಬುದೂ ಅದರಲ್ಲೇ ಇದೆ. ಸ್ಕೀಯನ್ನು ಇಳಿಜಾರಿಗೆ ಅಡ್ಡಲಾಗಿಟ್ಟು, ಮೊದಲು ಕೆಳಗಿನ ಕಾಲಿನದನ್ನು ತೊಡಿ. ಯಾರಾದರೂ ಗಾಯಗೊಂಡು ಮಲಗಿದ್ದರೆ ಅವರ ಮೇಲುಗಡೆ ಎರಡು ಸ್ಕೀಗಳನ್ನು ಕತ್ತರಿಯಾಕಾರದಲ್ಲಿ ಹಿಮಕ್ಕೆ ನೆಟ್ಟುಬಿಡಿ. ದೂರದಿಂದ ಬರುವವರು ಅದನ್ನು ನೋಡಿಯೇ ಬಳಸಿ ಹೋಗುತ್ತಾರೆ.

ಕೊನೆಗೊಂದು ಸಣ್ಣ ವಿಷಯ: ತಳಕ್ಕೆ ಮೇಣ ಹಚ್ಚುವಾಗ ಬ್ರೇಕ್ ಅಡ್ಡ ಬರದಂತೆ ದಪ್ಪ ರಬ್ಬರ್ ಬ್ಯಾಂಡ್ ಹಾಕಿ ಮೇಲೆ ಕಟ್ಟುತ್ತಾರೆ. ಬೆಳಗ್ಗೆ ಸ್ಕೀ ತೊಡುವ ಮೊದಲು ಅದನ್ನು ತೆಗೆದಿದ್ದಾರೋ ನೋಡಿ.