ಮೋಟಾರ್ ಸ್ಟೇಪ್ಲರ್: ನನಗೆ ತಲೆಗೆ ಹತ್ತದಿದ್ದ ಐ-ಬೀಮ್

ಕೀಹೋಲ್ ಸರ್ಜರಿಯಲ್ಲಿ (ಚಿಕ್ಕ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಕರುಳು, ಶ್ವಾಸಕೋಶವನ್ನು ಕತ್ತರಿಸುತ್ತಲೇ ಪಿನ್ ಹಾಕಿ ಮುಚ್ಚುವ ಲೀನಿಯರ್ ಸ್ಟೇಪ್ಲರ್ ಬಗ್ಗೆ ಬರೆಯುತ್ತಿದ್ದೇನೆ, ಅದರ ಇಕ್ಕಳದಂಥ ದವಡೆ 60 ಮಿ.ಮೀ. ಉದ್ದದ್ದು. ಕೆಳದವಡೆಯ ಕಾರ್ಟ್ರಿಜ್‌ನಲ್ಲಿ ಟೈಟಾನಿಯಂ ಪಿನ್‌ಗಳಿವೆ. ನಡುವಿನ ಸೀಳಿನ ಆಚೆ ಮೂರು ಸಾಲು, ಈಚೆ ಮೂರು ಸಾಲು. ಮೇಲ್ದವಡೆಯೇ ಆನ್ವಿಲ್, ಅಂದರೆ ಅಡಿಗಲ್ಲು. ಅದರ ಗುಳಿಗೆ ತಾಗಿ ಪಿನ್ನಿನ ಕಾಲುಗಳು ಇಂಗ್ಲಿಷ್ ‘ಬಿ’ ಅಕ್ಷರದ ಹಾಗೆ ಬಾಗುತ್ತವೆ.

ಪಿನ್‌ಗಳೆಲ್ಲ ಒಟ್ಟಿಗೆ ಮೇಲೇಳುವುದಿಲ್ಲ. ಸ್ಲೆಡ್ ಅನ್ನೋ ಇಳಿಜಾರು ತುಂಡು ಮುಂದೆ ಸರಿಯುತ್ತಾ ಕೆಲವನ್ನಷ್ಟೇ ಎತ್ತುತ್ತದೆ, ಅದಕ್ಕೇ ಬಲ ಕಡಿಮೆ ಸಾಕು. ಚಾಕು ಅದರ ಸ್ವಲ್ಪ ಹಿಂದೆ ಬರುತ್ತದೆ, ಅಂದರೆ ಮೊದಲು ಪಿನ್, ಆಮೇಲೆ ಕತ್ತರಿಕೆ.

ನಾನು ಎರಡು ದಿನ ಒದ್ದಾಡಿದ್ದು ಇಲ್ಲಿ. ದವಡೆ ಮುಚ್ಚಿದ ಮೇಲೆ ನಡುವಿನ ಅಂತರ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಇರಲ್ಲ! ಇಕ್ಕಳದಲ್ಲಿ ದಪ್ಪ ವಸ್ತು ಹಿಡಿದು ನೋಡಿ, ಬುಡ ಎಷ್ಟೇ ಬಿಗಿಯಾಗಿದ್ದರೂ ತುದಿ ಅಗಲವಾಗುತ್ತದೆ. ಇಲ್ಲೂ ಅಂಗಾಂಶ ಆನ್ವಿಲ್ಲನ್ನು ಮೇಲಕ್ಕೆ ತಳ್ಳುತ್ತದೆ, ಅಂತರ ಜಾಸ್ತಿಯಾದರೆ ‘ಬಿ’ ಪೂರ್ತಿ ಮಡಚುವುದಿಲ್ಲ, ಸೋರುತ್ತದೆ. ತುಂಬಾ ಕಡಿಮೆಯಾದರೆ ಅಂಗಾಂಶ ಜಜ್ಜಿಹೋಗುತ್ತದೆ. ಬುಡದಲ್ಲಿ ಇನ್ನೂ ಬಿಗಿದರೆ ಆಯ್ತಲ್ವಾ ಅಂತ ನಾನು ಲೆಕ್ಕ ಹಾಕುತ್ತಾ ಕೂತಿದ್ದೆ, ಆದರೆ ತುದಿಯ ಬಾಗುವಿಕೆ ಉದ್ದದ ಘನದ (ಉದ್ದ × ಉದ್ದ × ಉದ್ದ) ಪ್ರಕಾರ ಏರುತ್ತದೆ, ಹಾಗಾಗಿ ಅದು ಸಾಕಾಗಲ್ಲ. ಉತ್ತರ ಇದ್ದದ್ದು ಚಾಕುವಿನ ಆಕಾರದಲ್ಲೇ. ಅಡ್ಡ ಸೀಳಿ ನೋಡಿದರೆ ಅದು ಇಂಗ್ಲಿಷ್ ‘ಐ’ (I) ಅಕ್ಷರ, ಇದೇ ಐ-ಬೀಮ್: ಮೇಲಿನ ಪಟ್ಟಿ ಆನ್ವಿಲ್ಲಿನ ತೋಡಿನಲ್ಲಿ, ಕೆಳಗಿನ ಪಟ್ಟಿ ಕೆಳದವಡೆಯಲ್ಲಿ ಜಾರುತ್ತದೆ. ಜಿಪ್ಪಿನ ರನ್ನರ್ ಎರಡೂ ಬದಿ ಸೇರಿಸುತ್ತಾ ಹೋಗುತ್ತಲ್ಲ, ಹಾಗೆ. ಪಿನ್ ಬಾಗುತ್ತಿರುವ ಜಾಗದ ಪಕ್ಕದಲ್ಲೇ ಆಸರೆ ಸಿಗುತ್ತದೆ. ದವಡೆ ಎಷ್ಟು ಉದ್ದ ಅನ್ನೋದು ಆಮೇಲೆ ಅಷ್ಟು ಕಾಡುವುದಿಲ್ಲ. ಚಿತ್ರ ಬಿಡಿಸುವಾಗ ಮೊದಲು ಈ ‘ಐ’ ಬಿಡಿಸಿ, ಉಳಿದದ್ದು ತಾನಾಗೇ ಕೂರುತ್ತದೆ.

ಈಗ ಮೋಟಾರ್. ಲೆಕ್ಕಕ್ಕೆ ನಾನೇ ಹಿಡಿದ ಅಂಕಿಗಳು: ಟಾರ್ಕ್ (ತಿರುಗಿಸುವ ಬಲ) 0.005 ನ್ಯೂಟನ್-ಮೀಟರ್, ನಿಮಿಷಕ್ಕೆ 12,000 ಸುತ್ತು, ಗೇರ್ 300:1, ದಕ್ಷತೆ 0.6, ಪಿನಿಯನ್ (ಚಿಕ್ಕ ಹಲ್ಲುಚಕ್ರ) ತ್ರಿಜ್ಯ 5 ಮಿ.ಮೀ. ಪಿನಿಯನ್‌ನಲ್ಲಿ ಟಾರ್ಕ್ 0.9, ಅದನ್ನು ತ್ರಿಜ್ಯ 0.005 ಮೀಟರ್‌ನಿಂದ ಭಾಗಿಸಿದರೆ ರ್ಯಾಕ್ (ಚಾಕುವನ್ನು ತಳ್ಳುವ ಹಲ್ಲುಪಟ್ಟಿ) ಮೇಲೆ 180 ನ್ಯೂಟನ್. ವೇಗ ಸೆಕೆಂಡಿಗೆ ಸುಮಾರು 21 ಮಿ.ಮೀ., ಅಂದರೆ 60 ಮಿ.ಮೀ. ದಾಟಲು ಹತ್ತಿರ 3 ಸೆಕೆಂಡ್. ಗೇರ್ 60:1 ಹಾಕಿದರೆ 0.6 ಸೆಕೆಂಡಿಗೇ ಮುಗಿಯುತ್ತದೆ, ಬಲವೂ 36 ನ್ಯೂಟನ್‌ಗೆ ಇಳಿಯುತ್ತದೆ. ಅಷ್ಟು ಅವಸರ ಬೇಡ: ಒತ್ತಿದ ಅಂಗಾಂಶದಿಂದ ನೀರು ನಿಧಾನಕ್ಕೆ ಜರುಗುತ್ತದೆ, ಅದಕ್ಕೆ ಸಮಯ ಕೊಟ್ಟಷ್ಟೂ ಅದು ತೆಳುವಾಗಿ ಬೇಕಾದ ಬಲ ಇಳಿಯುತ್ತದೆ. ದವಡೆ ಮುಚ್ಚಿ ಸ್ವಲ್ಪ ಕಾದು ಫೈರ್ ಮಾಡುವುದು (ಪಿನ್ ಹೊಡೆದು ಕತ್ತರಿಸುವುದು) ಇದಕ್ಕೇ.

ಇನ್ನೆರಡು ಮರೆಯಬೇಡಿ. ಖಾಲಿ ಕಾರ್ಟ್ರಿಜ್ ಇದ್ದರೆ ಚಾಕು ಮುಂದೆ ಹೋಗದ ಹಾಗೆ ಲಾಕ್ ಇರಬೇಕು, ಇಲ್ಲದಿದ್ದರೆ ಪಿನ್ ಇಲ್ಲದೆ ಕತ್ತರಿಸಿಬಿಡುತ್ತದೆ. ಬ್ಯಾಟರಿ ಕೈಕೊಟ್ಟರೆ ಚಾಕುವನ್ನು ಕೈಯಿಂದ ಹಿಂದಕ್ಕೆ ಎಳೆಯಲು ಲಿವರ್ ಬೇಕು, ಏಕೆಂದರೆ ‘ಐ’ ಹಿಂದೆ ಬರುವ ತನಕ ದವಡೆ ತೆರೆಯುವುದಿಲ್ಲ.